ಅಳಿಸುವ ಅಂಗೈ

ಕೋಟು ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದರಲ್ಲಿ ಅಕ್ಕನದು ಎತ್ತಿದ ಕೈ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತೋಳು, ಕಾಲರು, ಬೆನ್ನಿನ ಅಚ್ಚುಗಳನ್ನು ಬಟ್ಟೆಯ ಮೇಲೆ ಎಲ್ಲೆಲ್ಲಿಟ್ಟರೆ ಬಟ್ಟೆ ಕಡಿಮೆ ಪೋಲಾಗುತ್ತದೆಂದು ಇಪ್ಪತ್ತಾರು ವರ್ಷ ತಲೆ ಓಡಿಸಿದವಳು.

ಈ ವರ್ಷ ಹಳೆಯ ಮೇಜಿನ ಜಾಗಕ್ಕೆ ಮೇಜಿನಷ್ಟೇ ದೊಡ್ಡ ಟಚ್‌ಸ್ಕ್ರೀನ್ ಬಂತು. ನಾಲ್ವರು ಸುತ್ತ ನಿಂತು, ತೋಳು ಕಾಲರುಗಳ ಚಿತ್ರಗಳನ್ನು ಒಟ್ಟಿಗೆ ಹೊಂದಿಸಬೇಕು. ಬೆರಳಿಟ್ಟರೆ ಚಿತ್ರ ಸರಿಯುತ್ತದೆ, ಅಂಗೈ ಇಟ್ಟರೆ ಅಳಿಸಿಹೋಗುತ್ತದೆ. ಇದನ್ನು ಯಾವ ಪುಣ್ಯಾತ್ಮ ಯೋಚಿಸಿದನೋ, ಜನ್ಮದಲ್ಲಿ ಕತ್ತರಿ ಹಿಡಿದವನಂತೂ ಅಲ್ಲ. ಬಟ್ಟೆ ಜರುಗದಂತೆ ಎಡ ಅಂಗೈಯಿಂದ ಒತ್ತಿ ಹಿಡಿಯದೆ ಅಕ್ಕ ಒಂದು ಗೆರೆಯನ್ನೂ ಎಳೆದವಳಲ್ಲ. ಯೋಚನೆ ಶುರುವಾದರೆ ಸಾಕು, ಆ ಕೈ ತಾನಾಗಿ ಹೋಗಿ ಕೂರುತ್ತಿತ್ತು.

ಸೋಮವಾರ ಆ ಕೈ ಹಾಗೆಯೇ ಪರದೆಯ ಮೇಲೆ ಕೂತು, ಎದುರಿಗಿದ್ದ ಡಿಸೈನ್ ಹುಡುಗಿ ಬೆಳಗಿನಿಂದ ಜೋಡಿಸಿದ್ದನ್ನು ಒರೆಸಿಹಾಕಿತು. ಅವಳು ಅಳಿಸಿದ್ದನ್ನು ವಾಪಸ್ ತರುವ ಬಟನ್ ಒತ್ತುವಷ್ಟರಲ್ಲಿ ಅಕ್ಕ ಗಾಬರಿಯಿಂದ ಇನ್ನೊಂದು ಅಂಗೈಯನ್ನೂ ಇಟ್ಟಳು. ಉಳಿದದ್ದೂ ಹೋಯಿತು, ಆ ಬಟನ್ ಒತ್ತಿದರೂ ಏನೂ ವಾಪಸ್ ಬರಲಿಲ್ಲ. ಹುಡುಗಿ ಅತ್ತೇಬಿಟ್ಟಳು.

“ಬೇಜಾರು ಮಾಡ್ಕೋಬೇಡಿ ಅಕ್ಕ,” ಎಂದರು ಮ್ಯಾನೇಜರು. “ಇನ್ನೊಂದ್ಸಲ ಹೀಗಾದ್ರೆ ನೀವು ಇಸ್ತ್ರಿ ವಿಭಾಗಕ್ಕೆ ಹೋಗ್ಬೇಕಾಗುತ್ತೆ.”

ಮರುದಿನ ಅಕ್ಕ ಎಡಗೈಯನ್ನು ಏಪ್ರನ್ ಜೇಬಿಗೆ ತುರುಕಿಕೊಂಡು ನಿಂತಳು. ಕೈಯೇನೋ ಸುಮ್ಮನಿತ್ತು, ಜೊತೆಗೆ ತಲೆಯೂ ಸುಮ್ಮನಾಯಿತು. ಒಂದು ಕಾಲರಿಗೂ ಜಾಗ ಹೊಳೆಯಲಿಲ್ಲ. ಇಷ್ಟು ವರ್ಷದ ಕೆಲಸ ಇಲ್ಲಿಗೆ ಮುಗಿಯಿತೆಂದು ಅವಳಿಗೆ ನಿಜಕ್ಕೂ ಭಯವಾಯಿತು. ಕೊನೆಗೆ ನಾಚಿಕೆ ಬಿಟ್ಟು ಆ ಹುಡುಗಿಯ ಪಕ್ಕಕ್ಕೇ ಹೋದಳು.

“ಒಂದು ಉಪಕಾರ ಮಾಡ್ತೀಯೇನೇ ತಾಯಿ? ಈ ಎಡಗೈನ ಸ್ವಲ್ಪ ಒತ್ತಿ ಹಿಡ್ಕೋ.”

ಹುಡುಗಿಯ ಮುಖ ಇನ್ನೂ ಊದಿಕೊಂಡೇ ಇತ್ತು. “ಹಿಡ್ಕೊಂಡ್ರೆ ಏನಾಗುತ್ತೆ?”

“ಬಟ್ಟೆ ಹಿಡಿದಂಗೆ ಅನ್ಸುತ್ತೆ. ಇಲ್ದಿದ್ರೆ ನಂಗೆ ಏನೂ ತೋಚಲ್ಲ ಕಣೇ.”

ಮನಸ್ಸಿಲ್ಲದ ಮನಸ್ಸಿನಿಂದ ಅವಳು ಹಿಡಿದಳು. ಅಕ್ಕನ ಬಲಗೈ ಬೆರಳು ಮೆಲ್ಲಗೆ ಚಲಿಸಿತು. ತೋಳು ತಿರುಗಿತು, ಅದರ ಸಂದಿಗೆ ಕಾಲರು ಬಂದು ಕೂತಿತು. ಹುಡುಗಿ ಕಣ್ಣರಳಿಸಿ, “ಈ ಜೇಬನ್ನ ಇಲ್ಲಿಗೆ ತರ್ಲಾ ಅಕ್ಕ?” ಎಂದಳು.

ಊಟದ ಹೊತ್ತಿಗೆ ಮ್ಯಾನೇಜರು ಬಂದರು. ಇಬ್ಬರೂ ಕೈ ಹಿಡಿದು ನಿಂತದ್ದನ್ನು ಕಂಡು, “ಏನಿದು ಮಕ್ಕಳಾಟ?” ಎಂದರು. ಅಕ್ಕ ಮುಜುಗರದಿಂದ ಕೈ ಎಳೆದುಕೊಳ್ಳಲು ನೋಡಿದಳು.

ಹುಡುಗಿ ಬಿಡಲಿಲ್ಲ.

“ಇನ್ನೂ ಎರಡು ತೋಳು ಜೋಡಿಸೋದು ಬಾಕಿ ಇದೆ ಸರ್,” ಎಂದಳು.