ಕೊಪ್ಪರಿಗೆಯಲ್ಲಿ ಕಾಕಾ

ನನಗೆ ಈಜು ಬರುವುದಿಲ್ಲ. ಮೊಣಕಾಲು ಮೀರಿದ ನೀರು ಕಂಡರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಹೀಗಿದ್ದೂ ಔರಾದ ತಾಲ್ಲೂಕಿನ ಚಿಂತಾಕಿ ಹತ್ತಿರ ನನ್ನದೇ ಒಂದು ಕೆರೆ ಇದೆ. ಕೆರೆ ಎಂದರೆ ಭಾರೀ ಏನಲ್ಲ. ಈ ದಡದಲ್ಲಿ ಚಹಾ ಬೇಕೆಂದು ಕೂಗಿದರೆ ಆ ದಡದಿಂದ ‘ಸಕ್ಕರೆ ಎಷ್ಟು’ ಎಂದು ಸಾವಕಾಶವಾಗಿ ಕೇಳಬಹುದು. ಅಪ್ಪನಿಂದ ಬಂದ ಹೊಲದಲ್ಲಿ, ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಕಿರುಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿಸಿ, ಬರೀ ಮಜಾಕ್ಕೆಂದು ಕಟ್ಟಿಸಿದ್ದು.

‘ಬರೀ ಮಜಾಕ್ಕೆ’ ಎಂದು ನಮ್ಮ ಕಡೆ ಬಾಯಿಬಿಟ್ಟು ಹೇಳಲು ಧೈರ್ಯ ಬೇಕು. ವಾರವಿಡೀ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕಿಟಕಿಯಿಲ್ಲದ ಗೋದಾಮೊಂದನ್ನು ನೋಡಿಕೊಳ್ಳುವವಳು ನಾನು. ಭಾನುವಾರವಾದರೂ ನೀರಿನ ಬದಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು ಎಂಬುದಷ್ಟೇ ನನ್ನ ಆಸೆ. ಕೇಳಿದವರೆಲ್ಲ ಎಷ್ಟು ಎಕರೆಗೆ ನೀರು ಹಾಯಿಸುತ್ತೀರಿ, ಮೀನು ಬಿಡುತ್ತೀರಾ ಎಂದೇ ವಿಚಾರಿಸಿದರು. ಅವರದೇನೂ ತಪ್ಪಿಲ್ಲ. ಕೆರೆ ಕಟ್ಟಿಸಿದವರನ್ನು ನಮ್ಮ ಹಳೆಯ ಕಲ್ಲುಶಾಸನಗಳು ಬಾಯ್ತುಂಬ ಹೊಗಳುತ್ತವೆ, ಕೆಡಿಸಿದವರನ್ನು ನರಕಕ್ಕೆ ಕಳಿಸುತ್ತವೆ. ಕಟ್ಟಿಸಿಕೊಂಡು ಸುಮ್ಮನೆ ಕೂತವರು ಎಲ್ಲಿಗೆ ಹೋಗುತ್ತಾರೆಂದು ಯಾವ ಶಾಸನದಲ್ಲೂ ನಾನು ಓದಿಲ್ಲ.

ಎಲ್ಲರಿಗಿಂತ ಹೆಚ್ಚು ನಕ್ಕವರು ಭಾಲ್ಕಿಯ ಕಾಕಾ. ಅಪ್ಪನ ತಮ್ಮ, ಕಬ್ಬು ಬೆಳೆದು ಬೆಲ್ಲ ಕಾಯಿಸುವ ಮನುಷ್ಯ. “ನೀರ ನೋಡ್ಲಿಕ್ಕ ಯಾರರೆ ಒಡ್ಡ ಹಾಕ್ತಾರೇನವ್ವಾ? ನೋಡಬೇಕಂದ್ರ ನಮ್ಮ ಬಾವಿ ಬಗ್ಗಿ ನೋಡು,” ಎಂದರು.

ನಕ್ಕರೂ ಮೇಲ್ವಿಚಾರಣೆಗೆ ತಾವೇ ಬಂದು ನಿಂತರು. ಕೆರೆಯ ಅಂಗಳ ಅಗೆದಾಗ ಮೇಲೆ ಸೊಗಸಾದ ಎರೆಮಣ್ಣು ಬಂತು, ಕೆಳಗೆ ಪುಡಿಗಲ್ಲಿನ ಮುರುಮು. “ಎರಿ ಮಣ್ಣ ಅಂದ್ರ ಬಂಗಾರ. ಬಂಗಾರ ಯಾರರೆ ನೀರಾಗ ಹಾಕ್ತಾರ?” ಎಂದರು ಕಾಕಾ. ನನಗೂ ಅದು ಸರಿಯೆನಿಸಿತು. ಆ ಕರಿಮಣ್ಣಿನ ಅನ್ನ ತಿಂದ ಯಾರಿಗೂ ಸರಿಯೆನಿಸುತ್ತದೆ. ಹೀಗಾಗಿ ನೀರು ಹಿಡಿಯುವ ಮಣ್ಣೆಲ್ಲ ಟ್ರ್ಯಾಕ್ಟರ್ ಹತ್ತಿ ತೊಗರಿ ಹೊಲಕ್ಕೆ ಹೋಯಿತು. ಜರಡಿಯಂಥ ಮುರುಮಿನಿಂದ ಒಡ್ಡು ಎದ್ದಿತು. ನೋಡಲು ಬಲು ಚೆಂದವಿತ್ತು. ಮಳೆಗೆ ತುಂಬಿತು, ನಾನು ಊರಿಗೆಲ್ಲ ಫೋಟೋ ಕಳಿಸಿದೆ, ದಸರೆಯ ಹೊತ್ತಿಗೆ ಕಪ್ಪೆಗಳೂ ಗುಳೆ ಹೋಗಿದ್ದವು. ನನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ತೊಗರಿ ಮಾತ್ರ ಆ ವರ್ಷ ಆಳೆತ್ತರ ಬೆಳೆಯಿತು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಆ ದಿನ ಬೀದರ್ ಜಿಲ್ಲೆಗೆ ಜಿಲ್ಲೆಯೇ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತದೆ. ನಮ್ಮ ಬಳಗವೂ ಬಂತು. ಕಾಕಾ ನನ್ನ ಬತ್ತಿದ ಕೆರೆಯ ನಟ್ಟನಡುವೆ ಚಾಪೆ ಹಾಸಿ, ಎರಡನೇ ಸಲ ಭಜ್ಜಿ ಬಡಿಸಿಕೊಂಡು ಘೋಷಿಸಿದರು:

“ಮುಂದಿನ ಎಳ್ಳಮಾಸಿಗಿ ಇಲ್ಲಿ ನೀರ ಉಳದ್ರ, ನಮ್ಮ ಬೆಲ್ಲ ಕಾಸೋ ಕೊಪ್ಪರಿಗಿ ತಂದು ಅದರಾಗ ಕೂತು ತೇಲ್ತೇನಿ. ಉಳೀಲಿಲ್ಲಂದ್ರ ಒಡ್ಡ ಕೆಡವಿ ತೊಗರಿ ಬಿತ್ತಬೇಕು. ಏನಂತಿ?”

“ಆಯ್ತು ಕಾಕಾ,” ಎಂದೆ. ಬಳಗವೆಲ್ಲ ಸಾಕ್ಷಿ.

ಬೇಸಿಗೆಯಲ್ಲಿ ಅದೇ ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸಿದೆ. ತೊಗರಿ ಹೊಲದ ಬಂಗಾರ ಮರಳಿ ಬಂದು ಕೆರೆಯ ತಳಕ್ಕೂ ಒಡ್ಡಿನ ಒಳಮೈಗೂ ಬಿತ್ತು. ಆದರೆ ಸಡಿಲ ಮಣ್ಣು ನೀರನ್ನು ಎಷ್ಟು ದಿನ ಹಿಡಿದೀತು? ಆಗ ಅಪ್ಪನ ಸಿಟ್ಟು ನೆನಪಾಯಿತು. ಹಸಿ ಹೊಲದಲ್ಲಿ ಕುರಿ ಹಿಂಡು ಒಮ್ಮೆ ನಿಂತು ಹೋದರೆ ನೆಲ ಕಲ್ಲಾಗುತ್ತದೆ, ನೇಗಿಲು ಪುಟಿಯುತ್ತದೆ ಎಂದು ಅವರು ಕುರಿಗಾಹಿಗಳೊಂದಿಗೆ ವರ್ಷಗಟ್ಟಲೆ ಜಗಳಾಡಿದ್ದರು. ನನಗೆ ಬೇಕಾದದ್ದು ಅದೇ ಕಲ್ಲುನೆಲ. ಅಪ್ಪನ ಹೊಲದ ಜೊತೆ ಅವರ ಜಗಳವೂ ನನ್ನ ಪಾಲಿಗೆ ಬಂದಿದ್ದು ಒಳ್ಳೆಯದಾಯಿತು.

ಊರಿನ ಮಾಳಗೊಂಡನ ಹಿಂಡನ್ನು ಕರೆಸಿದೆ. ಅವನಿಗೆ ನಗು ತಡೆಯಲಿಲ್ಲ. “ಗೊಬ್ಬರಕ್ಕ ಕುರಿ ಕೂಡ್ಸೋದು ಗೊತ್ತದರಿ ಅಕ್ಕಾರ. ಒಡ್ಡ ತುಳಿಲಿಕ್ಕ ಕರದವ್ರು ನೀವೇ ಮೊದಲ ನೋಡ್ರಿ.” ಮಣ್ಣು ಹರವುವುದು, ನೀರು ಚಿಮುಕಿಸುವುದು, ಕುರಿ ಹಾಯಿಸುವುದು, ಮತ್ತೆ ಮಣ್ಣು, ಮತ್ತೆ ಕುರಿ. ರಸ್ತೆ ಕಟ್ಟುವವರು ಕುರಿಗಾಲಿನಂಥ ಗೊರಸುಗಳಿರುವ ರೋಲರ್ ಓಡಿಸುತ್ತಾರೆಂದು ಆಮೇಲೆ ತಿಳಿಯಿತು. ನನ್ನ ಹತ್ತಿರ ಇದ್ದದ್ದು ಅಸಲಿ ಮಾಲು.

ಮಳೆ ಬಂತು, ಕೆರೆ ತುಂಬಿತು. ಪ್ರತಿ ಭಾನುವಾರ ಔರಾದಿನ ಬಸ್ಸು ಹಿಡಿದು ಹೋಗಿ, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವಂತೆ ಒಡ್ಡಿನ ಹಿಂಬದಿ ಮುಟ್ಟಿ ನೋಡುತ್ತಿದ್ದೆ. ಒಣಗಿತ್ತು. ದಸರೆ ಹೋಯಿತು, ದೀಪಾವಳಿ ಹೋಯಿತು, ನೀರು ಹೋಗಲಿಲ್ಲ. ನಾನು ಯಾರಿಗೂ ಒಂದು ಫೋಟೋ ಕಳಿಸಲಿಲ್ಲ.

ಎಳ್ಳಮಾಸಿಯಂದು ಕಾಕಾನ ಟೆಂಪೋ ಬಂತು. ಹಿಂದೆ ನಿಜವಾಗಿಯೂ ಕೊಪ್ಪರಿಗೆ. ಅದರಲ್ಲೇ ಈ ಸಲ ಭಜ್ಜಿ ಮಾಡೋಣ ಎಂದು ನಗಾಡುತ್ತ ಇಳಿದವರು ಒಡ್ಡು ಹತ್ತಿ ನಿಂತರು. ಎದುರಿಗೆ ಆಕಾಶ ಬಿದ್ದುಕೊಂಡ ತುಂಬು ನೀರು, ಮೇಲೆ ಒಂದು ಜೋಡಿ ಬಾತು. ಕಾಕಾ ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ರುಮಾಲು ಬಿಗಿ ಮಾಡಿ, “ಇಳಸ್ರಿ,” ಎಂದರು. ಮಾತು ಕೊಟ್ಟ ಮೇಲೆ ತಪ್ಪುವವರಲ್ಲ ನಮ್ಮ ಕಾಕಾ.

ಕೊಪ್ಪರಿಗೆಯ ಕಿವಿಗೆ ಹಗ್ಗ ಕಟ್ಟಿ, ತುದಿಯನ್ನು ಮಾಳಗೊಂಡನ ಕೈಗೆ ಕೊಟ್ಟೆವು. ಕಾಕಾ ತೇಲಿದರು. ಕೊಪ್ಪರಿಗೆ ಮೆಲ್ಲಗೆ ಸುತ್ತತೊಡಗಿದಾಗ ಕಣ್ಣು ಮುಚ್ಚಿಕೊಂಡರು, ಮತ್ತೊಂದು ಸುತ್ತಿಗೆ ತೆರೆದರು, ಆಮೇಲೆ ಕಾಲು ಚಾಚಿ ಒರಗಿಯೇ ಬಿಟ್ಟರು. ದಡದಲ್ಲಿ ಇಡೀ ಬಳಗ ಶಿಳ್ಳೆ ಹೊಡೆಯುತ್ತಿತ್ತು. ನಾನು ಗೆದ್ದಿದ್ದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

“ನೀನೂ ಬಾರವ್ವಾ,” ಎಂದು ಕೊಪ್ಪರಿಗೆಯನ್ನು ದಂಡೆಗೆ ಎಳೆಸಿದರು. “ನಿನ್ನ ನೀರ, ನೀನೇ ದಂಡಿಮ್ಯಾಲ ನಿಂತ್ರ ಹ್ಯಾಂಗ?”

ಹತ್ತಿದೆ. ಮೊದಲ ಸುತ್ತಿಗೆ ಎರಡೂ ಕೈಯಿಂದ ಅಂಚು ಹಿಡಿದಿದ್ದೆ, ಎರಡನೆಯದಕ್ಕೆ ಬಿಟ್ಟೆ. ನೀರಿನ ನಡುವೆ ಇಬ್ಬರೂ ಸುತ್ತುತ್ತಿರುವಾಗ ಪಕ್ಕದ ಹೊಲದವರೊಬ್ಬರು ಅಂಬಲಿ ಮಗಿ ಹಿಡಿದು ಬಂದು ಒಡ್ಡಿನ ಮೇಲಿಂದ ಕೇಳಿದರು: “ಯಜಮಾನ್ರ, ಇಷ್ಟ ನೀರ ನಿಲ್ಲಿಸೀರಿ, ಇದರಿಂದ ಏನ್ ಉಪಯೋಗರಿ?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಕೊಪ್ಪರಿಗೆಯ ಅಂಚಿನ ಮೇಲೆ ಕೈಯಿಟ್ಟು ಸಾವಕಾಶವಾಗಿ ಹೇಳಿದರು:

“ಏನೂ ಇಲ್ರಿ. ಬರ್ರಿ, ಇನ್ನೊಬ್ರಿಗಿ ಜಾಗ ಅದ.”