ಹೊರಗಿನಿಂದ ಹಾಕಿದ ಚಿಲಕ

“ನಾ ಕೇಳಿದ್ದು ಹದಿನೈದೇ ದಿನ. ಈ ಹೊಸ ಹುಡುಗಿಯನ್ನ ಹದಿನೈದು ದಿನ ನನ್ನ ಸಂಗ್ತಿಗೆ ಮನೆಮನೆಗೆ ಕರ್ಕೊಂಡು ಹೋಗ್ತೆ, ಆಮೇಲೆ ನನ್ನನ್ನ ಎಲ್ಲಿಗಾದ್ರೂ ಹಾಕಿ ಅಂದಿದ್ದೆ. ಕಚೇರಿಯವರು ಎಂತ ಮಾಡಿದ್ರು? ಇವಳನ್ನ ಮೂರು ದಿನ ಹಾಲ್‌ನಲ್ಲಿ ಕೂರ್ಸಿ, ಪರದೆ ಮೇಲೆ ಚಿತ್ರ ತೋರ್ಸಿ, ರಬ್ಬರಿನ ಕಾಲಿಗೆ ಪಟ್ಟಿ ಕಟ್ಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ರಬ್ಬರಿನ ಕಾಲು ನೋವು ಅಂತ ಕೂಗ್ತದಾ? ಅದರ ಹೆಂಡ್ತಿ ಮೀನು ಮಾರೂಕೆ ಹೋಗ್ತಾಳಾ? ಭಟ್ಕಳದಲ್ಲಿ ಜನ ಇಲ್ಲ ಅಂತ ನನ್ನನ್ನ ಅಲ್ಲಿಗೆ ಎಳ್ಕೊಂಡ್ರು. ಇಲ್ಲಿ ಜನ ಇದ್ರಾ? ಮೂವರ ಕೆಲಸ ನಾ ಒಬ್ಬಳೇ ಮಾಡ್ತಾ ಇದ್ದಿದ್ದೆ.”

ಸೌಜನ್ಯಾ ಹೀಗೆ ಬೈದದ್ದು ಮಾವಳ್ಳಿಯ ನಮ್ಮ ಕೇರಿಯಲ್ಲಿ, ಶನಿಯಾರನ ಮಂಚದ ಪಕ್ಕ ಕುಳಿತು. ಕೈಯಲ್ಲಿ ಕತ್ತರಿ, ಎದುರಿಗೆ ಅವನ ಕಾಲಿನ ಹತ್ತು ದಿನದ ಹಳೆಯ ಪಟ್ಟಿ. ವಾಸನೆಗೆ ನಾನು ಮೂಗಿಗೆ ಸೆರಗು ಮುಚ್ಚಿಕೊಂಡೆ. ಅವಳು ಮುಖ ತಿರುಗಿಸಲಿಲ್ಲ.

ಮಿರ್ಜಾನದಲ್ಲಿ ಹೊಳೆಮೀನು ಹಿಡಿಯುವವನ ಮಗಳು ಅವಳು. ಕುಮಟೆಯಲ್ಲಿ ನರ್ಸಿಂಗ್ ಕಲಿತು, ಮನೆಗೇ ಹೋಗಿ ರೋಗಿಗಳನ್ನು ನೋಡುವ ಒಂದು ಸಂಸ್ಥೆಗೆ ಸೇರಿ, ಹದಿಮೂರು ವರ್ಷ ನಮ್ಮ ಕೇರಿ ತಿರುಗಿದಳು. ಬೆಳಿಗ್ಗೆ ನಮ್ಮ ಹೆಂಗಸರೆಲ್ಲ ಮೀನಿನ ಬುಟ್ಟಿ ಹೊತ್ತು ಹೋಗಿರುತ್ತಾರೆಂದು ಅವಳು ಬರುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಕಚೇರಿಯ ಕಾಗದದಲ್ಲಿ ಹತ್ತರಿಂದ ಒಂದು ಎಂದಿದೆಯಂತೆ. ಅದಕ್ಕೇ ಎರಡು ಸಲ ನೋಟಿಸು ಬಂತು. ಅವನ್ನು ಮಡಚಿ ಪಟ್ಟಿಯ ಡಬ್ಬಿಯ ತಳಕ್ಕೆ ಹಾಸಿಕೊಂಡಳು.

ಶನಿಯಾರನಿಗೆ ಲಕ್ವ ಹೊಡೆದು ಎರಡು ವರ್ಷ. ಮಲಗಿದಲ್ಲೇ ಹಿಮ್ಮಡಿ ಹುಣ್ಣಾಗಿತ್ತು. ಮಾತು ಹೊರಬಾಗಿಲಿಗೆ ಕೇಳುವಷ್ಟು ಬರುವುದಿಲ್ಲ. ಹೆಂಡತಿ ಈರಮ್ಮ ಪೇಟೆಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದಕ್ಕೆ ತೆರೆದ ಬೀಗವನ್ನು ಸುಮ್ಮನೆ ಸಿಕ್ಕಿಸಿ ಹೋಗುತ್ತಾಳೆ. ಇಲ್ಲದಿದ್ದರೆ ಮೀನಿನ ವಾಸನೆಗೆ ನಾಯಿ ಒಳಗೆ ನುಗ್ಗುತ್ತದೆ. ಕೇರಿಯಲ್ಲಿ ಯಾರು ಬೇಕಾದರೂ ತೆಗೆದು ಒಳಗೆ ಹೋಗಬಹುದು. ಅದು ನಮಗೆಲ್ಲ ಗೊತ್ತು.

ಸೌಜನ್ಯಾಳ ಜಾಗಕ್ಕೆ ಬಂದ ಹೊಸ ಹುಡುಗಿ ಚಂದನಾಳಿಗೆ ಇದನ್ನು ಹೇಳುವವರು ಯಾರಿದ್ದರು? ಪಕ್ಕದ ಮನೆಯವಳಾದ ನಾನು ಆಗ ಕುಮಟೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಹುಡುಗಿ ಕಾಗದದಲ್ಲಿದ್ದಂತೆ ಹತ್ತು ಗಂಟೆಗೆ ಮೂರು ಸಲ ಬಂದಳು, ಮೂರು ಸಲವೂ ಬೀಗ ಕಂಡಳು, ಫೋನಿನಲ್ಲಿ ‘ಮನೆಗೆ ಬೀಗ’ ಎಂದು ಒತ್ತಿ ಹೋದಳು. ಕಚೇರಿಯ ಲೆಕ್ಕದಲ್ಲಿ ಮೂರು ಭೇಟಿ ಮುಗಿದವು! ಪಟ್ಟಿ ಬಿಚ್ಚಬೇಡ ಎಂದು ಸೌಜನ್ಯಾ ಹಿಂದೆ ಹೇಳಿದ್ದನ್ನೇ ಪಾಲಿಸಿ ಈರಮ್ಮ ಬಿಚ್ಚಲಿಲ್ಲ. ನರ್ಸು ಟ್ರೇನಿಂಗಿಗೆ ಹೋಗಿರಬೇಕು, ಯಾವಾಗಲೂ ಹಾಗೇ ಅಲ್ಲವೇ ಎಂದು ಕಾದಳು.

ನಾನು ಊರಿಗೆ ಮರಳಿದ ಮೇಲೆ, ಭಾನುವಾರ ರಜೆಗೆ ಸೌಜನ್ಯಾ ಬಂದದ್ದರಿಂದ ಇದೆಲ್ಲ ತಿಳಿಯಿತು. ಚಂದನಾಳನ್ನೂ ಕರೆಸಿದಳು. ಹುಡುಗಿ ಬಾಗಿಲಲ್ಲೇ ಅತ್ತಳು. “ಬೀಗ ಇತ್ತು ಅಕ್ಕಾ. ಕರ್ದೆ, ಯಾರೂ ಓಗೊಡ್ಲಿಲ್ಲ.”

“ನಾ ಇಲ್ಲೇ ಇದ್ದಿದ್ದೆ,” ಎಂದ ಶನಿಯಾರ ತೊದಲುತ್ತ. “ಎಲ್ಲಿಗೆ ಹೋಗೂಕೆ ಆತದೆ ನಂಗೆ?”

ಈರಮ್ಮ ನಕ್ಕು, ಅತ್ತು, ಕೊನೆಗೆ ಕೇಳಿದಳು: “ಅಕ್ಕೋರೇ, ಕಾಲು ಉಳೀತದಾ?”

ಆಟೋದಲ್ಲಿ ಹೊನ್ನಾವರದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕೊಳೆತದ್ದನ್ನು ಕೆರೆದು ತೆಗೆದು, ದಿನಾ ತೊಳೆದು ಕಟ್ಟಿದರೆ ಉಳಿದೀತು, ಒಂದು ದಿನ ತಪ್ಪಿದರೂ ಹೇಳಲಾಗದು ಎಂದರು.

ಅಲ್ಲಿಂದಲೇ ಸೌಜನ್ಯಾ ಕಚೇರಿಗೆ ಫೋನು ಮಾಡಿದಳು. “ಸರ್, ನಾಳೆಯಿಂದ ಭಟ್ಕಳಕ್ಕೆ ನಾ ಬರುದಿಲ್ಲ. ಹದಿನೈದು ದಿನ ಇವಳಿಗೆ ಮನೆ ತೋರಿಸ್ತೆ.” ಆ ಕಡೆಯಿಂದ ಏನೋ ಗದರಿದ್ದು ಕೇಳಿಸಿತು. “ಕಳ್ಸಿ ಸರ್. ಡಬ್ಬಿ ತಳಕ್ಕೆ ಇನ್ನೊಂದು ನೋಟಿಸು ಬೇಕಿತ್ತು.”

ಹದಿನೈದು ದಿನ ಇಬ್ಬರೂ ಬಿಸಿಲಲ್ಲಿ ಕೇರಿ ಸುತ್ತಿದರು. ಮೂರನೆಯ ನೋಟಿಸು ಬಂತು, ಸಂಬಳದಲ್ಲಿ ಅಷ್ಟು ದಿನದ್ದು ಕಡಿತವೂ ಆಯಿತು. ಕಲಿಸಿದವಳಿಗೆ ಶಿಕ್ಷೆ, ಹಾಲ್‌ನಲ್ಲಿ ಚಿತ್ರ ತೋರಿಸಿದವರನ್ನು ಕೇಳುವವರೇ ಇಲ್ಲ. ಸೌಜನ್ಯಾ ಭಟ್ಕಳಕ್ಕೆ ಮರಳಿದಳು.

ಮರುದಿನ ಚಂದನಾ ಒಬ್ಬಳೇ ಬಂದಳು. ಈರಮ್ಮ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಹುಡುಗಿ ಬೀಗ ಎತ್ತಿ, ಚಿಲಕ ಸರಿಸಿ ಒಳಗೆ ಹೋದಳು. ಹುಣ್ಣಿನಲ್ಲಿ ಕೆಂಪು ಹೊಸ ಮಾಂಸ ತುಂಬುತ್ತಿತ್ತು. ತೊಳೆದು ಪಟ್ಟಿ ಕಟ್ಟಿ, ಬೋಗುಣಿಯನ್ನು ಬಾವಿಕಟ್ಟೆಗೆ ತಂದು ತಿಕ್ಕಿದಳು. ಅದನ್ನು ಜಗಲಿಯ ಮೇಲೆ ಕವುಚಿಟ್ಟು, ನಾಯಿಯನ್ನು ಅಂಗಳದಿಂದ ಓಡಿಸಿ, ಚಿಲಕ ಹಾಕಿದಳು.