ಹೂವು ಮುಡಿದು ಬಸ್ಸು ಹತ್ತಿದ ನಾಯಿ

ನನ್ನ ಮೊಮ್ಮಗಳಿಗೆ ಹಳೇಬೀಡಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಈ ಮಾತನ್ನು ಮಾದಿಹಳ್ಳಿಯಲ್ಲಿ ನಾನು ಹೇಳದೆ ಬಿಟ್ಟ ಮನೆಯಿಲ್ಲ. ಡೈರಿಗೆ ಹಾಲು ತಂದವರಿಗೆಲ್ಲ ಹೇಳಿದೆ, ನಮ್ಮ ಎಮ್ಮೆಗೂ ಹೇಳಿದೆ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಶಾಲೆ ಬಿಟ್ಟು ಬಂದ ನನ್ನಂಥವಳ ಮೊಮ್ಮಗಳು ಸಮಾಜ ಪಾಠ ಹೇಳುವ ಮೇಡಂ! ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಣ್ಣಿದ್ದ ನಾನು ಕಲಿಯದೆ ಬಿಟ್ಟದ್ದನ್ನೆಲ್ಲ ಅವಳು ಬೆರಳಿನಲ್ಲೇ ಓದಿ ಕಲಿತಳು.

ಅವಳ ಜೊತೆಗೊಂದು ನಾಯಿ, ಕಂಬಳಿಯಷ್ಟು ಕಪ್ಪು. ದಾರಿ ತೋರಿಸಲೆಂದೇ ತರಬೇತಿ ಪಡೆದದ್ದು. ಬೆನ್ನಿಗೆ ಪಟ್ಟಿ ಕಟ್ಟಿ, ಅದರ ಹಿಡಿಯನ್ನು ಇವಳು ಹಿಡಿದುಕೊಂಡರೆ ಸಾಕು, ಗುಂಡಿ, ಕಲ್ಲು, ದಾರಿಗಡ್ಡ ಮಲಗಿದ ಎಮ್ಮೆ ಎಲ್ಲವನ್ನೂ ತಪ್ಪಿಸಿ ಕರೆದೊಯ್ಯುತ್ತದೆ. ಪಟ್ಟಿ ಕಟ್ಟಿದ ಮೇಲೆ ಅದನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ತಿನ್ನಲು ಕೊಡುವಂತಿಲ್ಲ. ಇದು ಮೊಮ್ಮಗಳ ಕಟ್ಟಳೆ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸದ ನನಗೆ ಇದಕ್ಕಿಂತ ಶಿಕ್ಷೆ ಬೇಕೇ?

ದಿನವೂ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರಬೇಕೆಂಬುದು ಅವಳ ಹಟ. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳದಿದ್ದರೆ ಕೆಲಸ ಕೈಬಿಟ್ಟ ಹಾಗೆಯೇ. ಮೊದಲ ದಿನ ಮಾತ್ರ ನಾನೂ ಬರುತ್ತೇನೆಂದು ಹೊರಟೆ.

ವರ್ಷದ ಮೊದಲ ಉಳುಮೆಯ ದಿನ ನಮ್ಮಲ್ಲಿ ಎತ್ತುಗಳ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಹೂವು ಕಟ್ಟಿ ಹೊಲಕ್ಕೆ ಕಳಿಸುತ್ತೇವೆ. ನಾಯಿಯೂ ಮೊದಲ ಸಲ ದುಡಿಯಲು ಹೊರಟಿದೆ, ಬೋಳು ಹಣೆಯಲ್ಲಿ ಕಳಿಸಲಾದೀತೇ? ಮೊಮ್ಮಗಳು ಸೀರೆ ಉಡುವಷ್ಟರಲ್ಲಿ ನಾಯಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಕರುವಿನ ಗಂಟೆ ಕಟ್ಟಿದೆ. ಪಟ್ಟಿ ಇನ್ನೂ ಕಟ್ಟಿರಲಿಲ್ಲವಲ್ಲ!

ಗಂಟೆಯ ಸದ್ದಿಗೆ ಅವಳು ಹೊರಗೆ ಬಂದಳು. “ಅಜ್ಜೀ, ಏನ್ ಮಾಡಿದ್ದೀಯೇ? ಬಿಚ್ಚು ಮೊದ್ಲು.”

“ಗಂಟೆ ಬಿಚ್ತೀನಿ. ಹೂವಾದ್ರೂ ಇರ್ಲಿ ಕಣೇ, ಇವತ್ತೊಂದಿನ.”

ನಗುತ್ತ ಒಪ್ಪಿಕೊಂಡು ಪಟ್ಟಿ ಕಟ್ಟಿದಳು.

ಬಸ್ಸು ಬಂತು. ಬಾಗಿಲಲ್ಲೇ ಕಂಡಕ್ಟರ್ ಕೈ ಅಡ್ಡ ಹಿಡಿದ. “ಏನಜ್ಜಿ ಇದು? ನಾಯಿಗೀಯಿ ಹತ್ತಿಸ್ಕಳಾಕಾಗಲ್ಲ.”

ಅಷ್ಟರಲ್ಲಿ ಕೋಲು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ ತಾತ ಬಗ್ಗಿ ನೋಡಿ, ಕೋಲನ್ನು ಟಕಟಕ ಕುಟ್ಟಿ ಕೂಗಿದ: “ಲೇ, ಕರೀ ನಾಯಿ, ಕುಂಕುಮ, ಹಾರ! ಭೈರವನ ನಾಯಿ ಕಣ್ಲಾ! ಹಳೇಬೀಡಿನ ಗುಡಿ ಕಲ್ಲಲ್ಲೇ ಐತೆ, ಹೋಗಿ ನೋಡು!”

ಕಂಡಕ್ಟರ್ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಕೈ ಮುಗಿದ. ಹತ್ತಿದೆವು. ಒಬ್ಬ ಹೆಂಗಸು ಕಿಟಕಿ ಸೀಟು ಬಿಟ್ಟುಕೊಟ್ಟು, ಬಾಳೆಹಣ್ಣು ಸುಲಿದು ನಾಯಿಯ ಮುಂದೆ ಹಿಡಿದಳು. ನಾಯಿ ಜೊಲ್ಲು ಸುರಿಸಿತೇ ಹೊರತು ಬಾಯಿ ಹಾಕಲಿಲ್ಲ. ಕಟ್ಟಳೆಗೆ ಭಂಗ ಬರಬಾರದೆಂದು ಹಣ್ಣನ್ನು ನಾನೇ ಇಸಿದುಕೊಂಡೆ.

“ಸುಮ್ನಿರೇ,” ಎಂದು ಮೊಮ್ಮಗಳ ಕಿವಿಯಲ್ಲಿ ಉಸುರಿದೆ. “ದೇವರು ಅಂದ್ಕಂಡ್ರೆ ಅಂದ್ಕಳ್ಳಿ.”

“ನಾಳೆ ಹೂವಿಲ್ದೆ ಬಂದ್ರೆ ಇಳಿಸ್ತಾರಲ್ಲ ಅಜ್ಜಿ? ನಾನು ದಿನಾ ಹೋಗ್ಬೇಕು.”

ಎದ್ದು ನಿಂತೇಬಿಟ್ಟಳು. ಹಾರ ತೆಗೆದು ನನ್ನ ಮಡಿಲಿಗೆ ಹಾಕಿ, ಸೆರಗಿನಿಂದ ಕುಂಕುಮ ಒರೆಸಿದಳು. “ಅಣ್ಣಾ, ಇದು ದೇವರ ನಾಯಲ್ಲ. ನಂಗೆ ಕಣ್ಣು ಕಾಣಲ್ಲ, ಇದು ದಾರಿ ತೋರಿಸೋ ನಾಯಿ.”

ಕಂಡಕ್ಟರ್ ಮುಗಿದ ಕೈ ಇಳಿಸಿದ. “ಹಂಗಾರೆ ಬರೀ ನಾಯಿ. ಇಳಿಸಮ್ಮ.”

“ಆ ತಾತನ ಕೋಲು ಇಳಿಸ್ತೀರಾ?”

“ಕೋಲು ಕಚ್ಚತ್ತಾ?”

“ನನ್ ಕೋಲು ಕಚ್ಚಲ್ಲ, ಹೊಡೀತೈತೆ,” ಎಂದ ತಾತ. ಬಸ್ಸೆಲ್ಲ ನಕ್ಕಿತು.

ಮೊಮ್ಮಗಳು ನಗಲಿಲ್ಲ. “ಬಸ್ಸು ನಮಗೂ ಸಿಗ್ಬೇಕು ಅಂತ ವಿಕಲಚೇತನರ ಹಕ್ಕಿನ ಕಾನೂನಲ್ಲಿದೆ ಅಣ್ಣ. ನಾಯಿ ಅಂತ ಹೆಸರು ಹಿಡಿದು ಬರೆದಿಲ್ಲ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇದಿಲ್ದೆ ಇಳಿದು ಶಾಲೆ ಬಾಗಿಲು ಹುಡುಕೋದು ಹೆಂಗೆ? ಇದಕ್ಕೆ ಇಂಜೆಕ್ಷನ್ ಎಲ್ಲ ಆಗಿದೆ. ಸೀಟಿನ ಕೆಳಗೆ ಮಲಗುತ್ತೆ. ಯಾರಿಗಾದ್ರೂ ತೊಂದ್ರೆ ಆದ್ರೆ ಹೊಣೆ ನಂದು.”

“ಮಲ್ಕೋ” ಅಂದಳು. ನಾಯಿ ಸೀಟಿನ ಕೆಳಗೆ ಜಾರಿ ಚೀಲದಂತೆ ಬಿದ್ದುಕೊಂಡಿತು. ಹಿಂದಿನ ಸೀಟಿನಲ್ಲಿ ಯಾರದೋ ಬುಟ್ಟಿಯ ಕೋಳಿ ಮಾತ್ರ ಅರಚುತ್ತಿತ್ತು, ಜೊತೆಗೆ ನಾನು: “ನೋಡ್ರಪ್ಪಾ! ನನ್ ಮೊಮ್ಮಗಳು! ಮೇಡಂ!”

ಕಂಡಕ್ಟರ್ ಕೆಳಗೆ ಬಗ್ಗಿ ನೋಡಿದ, ನನ್ನನ್ನೂ ನೋಡಿದ. “ನಾಯಿ ಇರ್ಲಿ ಮೇಡಂ. ಈ ಅಜ್ಜೀನ ಇಳಿಸ್ಲಾ?” ಅಂದವನೇ ಸೀಟಿ ಊದಿದ.

“ದೇವರಲ್ಲ ಅಂದ್ಮೇಲೆ ನನ್ ಬಾಳೆಹಣ್ಣು ಕೊಡಿ,” ಎಂದಳು ಆ ಹೆಂಗಸು. ಅದಾಗಲೇ ನನ್ನ ಹೊಟ್ಟೆ ಸೇರಿತ್ತು.

ಮಾರನೆಯ ದಿನ ಅವಳು ನನ್ನನ್ನು ನಿಲ್ದಾಣದಲ್ಲೇ ನಿಲ್ಲಿಸಿದಳು. ನಾಯಿಯ ಹಣೆ ಬೋಳು. ಅದೇ ಕಂಡಕ್ಟರ್. ಅವನು ಮೆಟ್ಟಿಲ ಬಳಿಯ ಮೂಟೆ ಪಕ್ಕಕ್ಕೆ ಸರಿಸಿ, “ಬನ್ನಿ ಮೇಡಂ, ನಿಮ್ ಜಾಗ ಖಾಲಿ ಐತೆ,” ಅಂದ.

ನಾನು ಗುಟ್ಟಾಗಿ ಕಟ್ಟಿ ತಂದಿದ್ದ ಹೊಸ ಹಾರವನ್ನು ಬಸ್ಸಿಗಾದರೂ ಹಾಕೋಣವೆಂದು ಓಡಿದೆ. ಅದು ಹೊರಟೇಹೋಯಿತು. ಮನೆಗೆ ಬಂದು ಎಮ್ಮೆಯ ಕತ್ತಿಗೆ ಹಾಕಿದೆ. ಕತ್ತು ತಿರುಗಿಸಿ ಅದನ್ನು ತಿನ್ನತೊಡಗಿತು. ಅರ್ಧ ಹಾರ ಮುಗಿಯುವಷ್ಟರಲ್ಲಿ ಫೋನು ಬಂತು.

“ಅಜ್ಜಿ, ತಲುಪ್ದೆ. ಒಬ್ಳೇ.”

ಉಳಿದರ್ಧವನ್ನು ನಾನೇ ಬಿಚ್ಚಿ ಎಮ್ಮೆಯ ಬಾಯಿಗಿಟ್ಟೆ.